ಹತ್ತೊಂಬತ್ತು ಅಕ್ಷರದ ಪದ

ಪೀಣ್ಯ ಎರಡನೇ ಹಂತದ ಒಳರಸ್ತೆಯಲ್ಲಿ, ಗೇರ್ ಕೊರೆಯುವ ಶೆಡ್ಡಿಗೂ ಸ್ಪ್ರಿಂಗ್ ಸುತ್ತುವ ಶೆಡ್ಡಿಗೂ ನಡುವೆ, ನಂದೀಶನ ಬೋರ್ಡ್ ಕಾರ್ಖಾನೆ ಇದೆ. ಅಂಗಡಿ, ಆಸ್ಪತ್ರೆ, ಅಪಾರ್ಟ್‌ಮೆಂಟುಗಳ ನೆತ್ತಿಯ ಮೇಲೆ ಕೂರುವ ಸ್ಟೀಲ್ ಅಕ್ಷರಗಳು ತಯಾರಾಗುವುದು ಇಲ್ಲಿ. ಕಂಪ್ಯೂಟರಿನಲ್ಲಿ ಅಕ್ಷರದ ಗೆರೆ ಎಳೆದುಕೊಟ್ಟರೆ ಲೇಸರ್ ಮಿಷನ್ನು ತಗಡನ್ನು ಆ ಗೆರೆಯ ಮೇಲೆಯೇ ಕತ್ತರಿಸಿಕೊಡುತ್ತದೆ. ಗೆರೆ ಎಳೆಯುವ ಕೆಲಸ ಸುಮಂಗಲಾಳದು.

ಸುಮಂಗಲಾ ಹುನಗುಂದದ ಕಡೆಯವಳು. ಗಂಡ ಸಿದ್ರಾಮ ಸೆಂಟ್ರಿಂಗ್ ಕೆಲಸ ಹುಡುಕಿಕೊಂಡು ಬಂದಾಗ ಜೊತೆಗೆ ಬಂದವಳು ಮೊದಲೆರಡು ವರ್ಷ ಈ ಕಾರ್ಖಾನೆಯಲ್ಲಿ ತಯಾರಾದ ಅಕ್ಷರಗಳನ್ನು ಪ್ಯಾಕ್ ಮಾಡುತ್ತಿದ್ದಳು. ಒಂದು ಸಲ ಮಿಠಾಯಿ ಅಂಗಡಿಯ ಬೋರ್ಡಿನ ಒತ್ತಕ್ಷರ ತಪ್ಪಿದ್ದನ್ನು ಪ್ಯಾಕ್ ಮಾಡುವಾಗಲೇ ಹಿಡಿದಳು. ಇನ್ನೊಂದು ಸಲ ಶಾಲೆಯ ಹೆಸರಿನಲ್ಲಿ ದೀರ್ಘ ಬಿಟ್ಟುಹೋದದ್ದನ್ನು ಹಿಡಿದಳು. ಮೂರನೇ ಸಲಕ್ಕೆ ನಂದೀಶ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದ. ಅಂದಿನಿಂದ ಕನ್ನಡದ ಕೆಲಸವೆಲ್ಲ ಅವಳ ಕೈಗೇ ಬಂತು.

ಅದೇ ಕಾರ್ಖಾನೆಯಲ್ಲಿ ಅಕ್ಷರ ಜೋಡಿಸಿ, ಹೇಳಿದ ಜಾಗಕ್ಕೆ ಹೋಗಿ ಗೋಡೆಗೆ ಕೂರಿಸಿ ಬರುವವರು ಬಸಲಿಂಗ. ರೋಣ ತಾಲೂಕಿನವರು, ಅರವತ್ತು ದಾಟಿದ ಮನುಷ್ಯ. ಮೂವತ್ತು ವರ್ಷ ಬ್ರಷ್ಷು ಹಿಡಿದು ಬೋರ್ಡು ಬರೆದಿದ್ದರು. ಫ್ಲೆಕ್ಸ್ ಬಂದ ಮೇಲೆ ಬ್ರಷ್ಷಿಗೆ ಕೆಲಸವಿಲ್ಲದೆ ಇಲ್ಲಿಗೆ ಸೇರಿದ್ದರು. ಎರಡು ಅಕ್ಷರಗಳ ನಡುವೆ ಎಷ್ಟು ಜಾಗ ಬೇಕು ಅನ್ನುವುದಕ್ಕೆ ಅವರು ಟೇಪು ಹಿಡಿದದ್ದನ್ನು ಸುಮಂಗಲಾ ನೋಡಿಯೇ ಇರಲಿಲ್ಲ. ಒಂದು ಕಣ್ಣು ಕಿರಿದು ಮಾಡಿ ನೋಡಿ, ಬೆರಳಿನಿಂದ ಅಷ್ಟು ಸರಿಸಿ, 'ಆತು' ಅನ್ನುತ್ತಿದ್ದರು. ಆಮೇಲೆ ಯಾರು ಅಳೆದರೂ ಅದು ಸರಿಯಾಗಿಯೇ ಇರುತ್ತಿತ್ತು. ತನ್ನ ಕಡೆಯ ಮಾತಾಡುವವರೆಂದು ಅವಳು ಅವರನ್ನು ಕಾಕಾ ಅಂತಲೇ ಕರೆಯುತ್ತಿದ್ದಳು.

ಕಾಕಾಗೆ ಒಂದು ಹಟವಿತ್ತು. ಬಾಯಿಂದ ಹೇಳಲು ಬಾರದ ಪದವನ್ನು ಅವರು ಗೋಡೆಗೆ ಕೂರಿಸುತ್ತಿರಲಿಲ್ಲ. ಮೊದಲು ಅದನ್ನು ಯಾರಿಂದಲಾದರೂ ಕೇಳಿ, ನಾಲ್ಕು ಸಲ ಹೇಳಿಕೊಂಡು, ಆಮೇಲೆ ಡ್ರಿಲ್ಲು ಎತ್ತಿಕೊಳ್ಳುತ್ತಿದ್ದರು.

ಆ ವಾರ ಬಂದಿದ್ದು ವೈಟ್‌ಫೀಲ್ಡಿನ ಹೊಸ ಆಸ್ಪತ್ರೆಯೊಂದರ ಕೆಲಸ. ಶುಕ್ರವಾರ ಉದ್ಘಾಟನೆ. ಒಟ್ಟು ನಲವತ್ತೆರಡು ಬೋರ್ಡು, ಮೇಲೆ ದೊಡ್ಡದಾಗಿ ಕನ್ನಡ, ಕೆಳಗೆ ಇಂಗ್ಲಿಷು. ಹೆಸರುಗಳ ಪಟ್ಟಿ ಆಸ್ಪತ್ರೆಯ ಆಫೀಸಿನಿಂದಲೇ ಎರಡೂ ಭಾಷೆಯಲ್ಲಿ ಟೈಪಾಗಿ, ಪ್ರತಿ ಹಾಳೆಗೂ ಸೀಲು ಬಿದ್ದು ಬಂದಿತ್ತು. ಸುಮಂಗಲಾ ಅದನ್ನು ಹಾಗೇ ಎತ್ತಿ ಕಂಪ್ಯೂಟರಿಗೆ ಇಳಿಸಿಕೊಂಡು, ಮಂಗಳವಾರ ಬೆಳಗ್ಗೆ ಪ್ರತಿಯೊಂದನ್ನೂ ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ತೆಗೆದು ಉದ್ದದ ಗೋಡೆಗೆ ಅಂಟಿಸಿದಳು. ತಗಡು ಕತ್ತರಿಸುವ ಮೊದಲು ಹಾಗೆ ಒಮ್ಮೆ ನೋಡಿಕೊಳ್ಳುವುದು ಅಲ್ಲಿನ ರೂಢಿ.

ಕಾಕಾ ಕೈ ಹಿಂದೆ ಕಟ್ಟಿಕೊಂಡು ಓದುತ್ತ ಬಂದರು. ಹೃದ್ರೋಗ ವಿಭಾಗ. ಮಕ್ಕಳ ವಿಭಾಗ. ಮೂಳೆ ಮತ್ತು ಕೀಲು. ಹದಿಮೂರನೆಯ ಕಾಗದದ ಮುಂದೆ ನಿಂತವರು ಅಲ್ಲಿಂದ ಅಲುಗಲಿಲ್ಲ.

"ಸುಮಂಗಲಾ, ಇಲ್ಲಿ ಬಾರವ್ವ."

ಅವಳು ಹೋಗಿ ನೋಡಿದಳು. ಮೇಲೆ ಕನ್ನಡದಲ್ಲಿ 'ಆಟೋರಿನೋಲಾರಿಂಜಿಯಾಲಜಿ' ಎಂದಿತ್ತು. ಕೆಳಗೆ ಅದೇ ಹೆಸರು ಇಂಗ್ಲಿಷಿನಲ್ಲಿ, ಗೋಡೆಯ ಈ ಕಿಟಕಿಯಿಂದ ಆ ಕಿಟಕಿಯವರೆಗೆ.

"ಮ್ಯಾಲಿಂದು ಒಂದು ಹೇಳತೈತಿ, ಕೆಳಗಿಂದು ಇನ್ನೊಂದು ಹೇಳತೈತಿ. ನಿನಗ ಹಂಗ ಅನಸೂದಿಲ್ಲೇನು?"

ಸುಮಂಗಲಾ ಇಂಗ್ಲಿಷ್ ಅಕ್ಷರಗಳನ್ನು ಎಣಿಸಿದಳು. ಹತ್ತೊಂಬತ್ತು. ಅದರಲ್ಲಿ ಐದು ಬರೀ ಓ. ಕೊನೆಗೆ ಎಲ್, ಓ, ಜಿ, ವೈ. ಇದರಲ್ಲಿ 'ಜಿಯಾ' ಎಲ್ಲಿಂದ ಬಂತು? ಅವಳಿಗೆ ಮುಖ ಬಿಸಿಯಾಯಿತು. ನಲವತ್ತೆರಡು ಹೆಸರುಗಳಲ್ಲಿ ಇದೊಂದನ್ನು ಅವಳು ಓದಿಯೇ ಇರಲಿಲ್ಲ. ಕಣ್ಣಿಗೆ ಉದ್ದ ಕಂಡಿತ್ತು, ಬಾಯಿ ಹಿಂಜರಿದಿತ್ತು, ಕೈ ಹಾಗೇ ಇಳಿಸಿಕೊಂಡುಬಿಟ್ಟಿತ್ತು. ಇಂಗ್ಲಿಷಾದರೆ ಅರ್ಥ, ಉಚ್ಚಾರ ಎರಡೂ ತಿಳಿಯದೆ ಒಂದರ ಪಕ್ಕ ಒಂದು ಅಕ್ಷರ ಇಟ್ಟುಕೊಂಡು ಹೋಗಬಹುದು. ಕನ್ನಡದಲ್ಲಿ ಹಾಗೆ ತಪ್ಪಿಸಿಕೊಳ್ಳಲು ಬರುವುದಿಲ್ಲ. ಟ ಬರೆಯಬೇಕೋ ಡ ಬರೆಯಬೇಕೋ, ಗ ಇಡಬೇಕೋ ಜ ಇಡಬೇಕೋ ಅನ್ನುವುದನ್ನು ಮೊದಲು ಕಿವಿಗೆ ಗೊತ್ತು ಮಾಡಿಕೊಳ್ಳಬೇಕು.

ಅಷ್ಟರಲ್ಲಿ ನಂದೀಶ ಬಂದ. ಅವನು ಮೂಲತಃ ಪೀಣ್ಯದ ರೈತರ ಮನೆಯವನು, ಅಜ್ಜ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಈಗ ಅವನ ಶೆಡ್ಡು. ಕೆಟ್ಟವನಲ್ಲ, ಗಡಿಬಿಡಿಯವನು.

"ಏನಾಯ್ತು ಬಸಲಿಂಗಣ್ಣ? ಎರಡು ಗಂಟೆಗೆ ಶೀಟು ಮಿಷನ್ಗೆ ಹೋಗ್ಬೇಕು."

"ಈ ಪದ ತಪ್ಪೈತ್ರಿ."

ನಂದೀಶ ಕಾಗದ ನೋಡಿದ. "ಅಣ್ಣ, ಅವ್ರೇ ಕಳ್ಸಿರೋದು. ಸೀಲಿದೆ, ಸೈನಿದೆ. ಆಟೋ ಅಂತಿದೆ ನೋಡಿ, ಆಟೋ ಸ್ಟ್ಯಾಂಡ್ ಇರ್ಬೇಕು. ಇಷ್ಟುದ್ದ ಇರೋದನ್ನ ಯಾರು ನಿಂತ್ಕೊಂಡು ಓದ್ತಾರೆ? ಕಟ್ ಮಾಡ್ಬಿಡಿ."

"ಓದವ್ರು ಇರ್ತಾರ್ರಿ," ಅಂದರು ಕಾಕಾ. ಅಷ್ಟೇ ಅಂದರು. ಆದರೆ ಆ ಕಾಗದದ ಮುಂದಿನಿಂದ ಸರಿಯಲಿಲ್ಲ.

ನಂದೀಶ ಸುಮಂಗಲಾಳ ಮುಖ ನೋಡಿದ. "ನನಗೂ ತಪ್ಪು ಅಂತ್ಲೇ ಕಾಣ್ತದ್ರಿ ಸಾರ್," ಅಂದಳು ಅವಳು. "ಊಟದ ತನಕ ಟೈಮ್ ಕೊಡ್ರಿ. ಉಳಿದ ನಲವತ್ತೊಂದನ್ನ ಮೊದ್ಲು ಮಿಷನ್ನಿಗೆ ಹಾಕಸ್ರಿ."

ಅವನು ಆಸ್ಪತ್ರೆಯ ಆಫೀಸಿಗೆ ಫೋನು ಮಾಡಿ ಕೇಳಿದ. ಆ ಕಡೆಯವರು, ಪಟ್ಟಿಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಮಾಡಿ, ಬದಲಾಯಿಸಬೇಕಾದರೆ ಆ ವಿಭಾಗದ ಡಾಕ್ಟರೇ ಬರೆದುಕೊಡಬೇಕು ಎಂದರು. ನಂದೀಶ ಫೋನು ಇಟ್ಟು, "ಸರಿ, ಊಟದ ತನಕ," ಅಂದ.

ಊಟದ ಹೊತ್ತಿಗೆ ಮಿಷನ್ನಿನ ಸದ್ದು ನಿಂತಿತು. ಸುಮಂಗಲಾ ರೊಟ್ಟಿ, ಬದನೆಕಾಯಿ ಪಲ್ಯದ ಡಬ್ಬಿ ಬಿಚ್ಚಿ ಅರ್ಧ ಕಾಕಾನ ತಟ್ಟೆಗೆ ಹಾಕಿದಳು. ಅವರು ತಿನ್ನುವ ಬದಲು ಉಳಿಕೆ ತಗಡಿನ ತುಂಡೊಂದನ್ನು ತೊಡೆಯ ಮೇಲಿಟ್ಟುಕೊಂಡು, ಮಾರ್ಕರಿನಿಂದ ಆ ಹತ್ತೊಂಬತ್ತೂ ಅಕ್ಷರ ಬರೆದರು. ಅವರ ಇಂಗ್ಲಿಷ್ ಅಕ್ಷರಗಳು ಎಷ್ಟು ಮುದ್ದಾಗಿದ್ದವೆಂದರೆ ಅದನ್ನೇ ಗೋಡೆಗೆ ಹಚ್ಚಬಹುದಿತ್ತು. ಇಂಗ್ಲಿಷಿನಲ್ಲಿ ಫೇಲಾಗಿ ಏಳನೇ ತರಗತಿಗೆ ಶಾಲೆ ಬಿಟ್ಟ ಮನುಷ್ಯ ಅವರು.

"ಉದ್ದನ್ ಪದಾನ ಬಾಲದ ಕಡಿಂದ ಹಿಡೀಬೇಕು ನೋಡವ್ವ. ತಲಿ ಕಡಿಂದ ಹೋದ್ರ ಸಿಗೂದಿಲ್ಲ." ಕೊನೆಯ ನಾಲ್ಕು ಅಕ್ಷರಗಳ ಮುಂದೆ ಒಂದು ಗೆರೆ ಎಳೆದರು. "ಇದು ನನಗ ಗೊತ್ತೈತಿ. ಧಾರವಾಡದಾಗ ಒಂದು ಕಾಲೇಜಿಗೆ ಬಾಗಲಾ ಬಾಗಲಾ ಬೋರ್ಡ್ ಬರ್ದಿದ್ದೆ. ಬಯಾಲಜಿ, ಜುವಾಲಜಿ, ಜಿಯಾಲಜಿ. ಎಲ್ಲಾಕ್ಕೂ ಇದ ಬಾಲ. ಯಾಕ್ರಿ ಸರ ಹಿಂಗ ಅಂತ ಅಲ್ಲಿದ್ದ ಮಾಸ್ತರ್‌ನ ಕೇಳಿದೆ. ಅವ್ರು ಅಂದ್ರು, ಇವು ಇಂಗ್ಲಿಷರ ಪದ ಅಲ್ಲೋ ಬಸಲಿಂಗ, ಗ್ರೀಕ್ ಮಂದೀವು. ನಾವು ಹ್ಯಾಂಗ ಮಳಿಗಾಲ, ಹೊಲಮನಿ ಅಂತ ಎರಡೆರಡು ಕೂಡಸ್ತೀವಿ, ಹಂಗ ಅವ್ರೂ ಕೂಡಿಸ್ಕೋತ ಹೋಗ್ತಾರ. ಲಜಿ ಅಂದ್ರ ಅದರ ವಿದ್ಯಾ."

"ಅಂದ್ರ ಏನರ ಒಂದರ ವಿದ್ಯಾ ಇದು."

"ಹೌದು. ಯಾವುದರದು ಅನ್ನೂದು ಮುಂದೈತಿ."

ಸುಮಂಗಲಾ ರೊಟ್ಟಿ ಮುರಿಯುವುದನ್ನು ಬಿಟ್ಟು ತಗಡಿನ ಹತ್ತಿರ ಸರಿದು ಕೂತಳು. ಕಾಕಾ ಮಾರ್ಕರಿನ ತುದಿಯನ್ನು ಅಕ್ಷರಗಳ ಮೇಲೆ ಆಡಿಸುತ್ತ ಹೋಗಿ ನಡುವೆ ಒಂದು ಕಡೆ ನಿಲ್ಲಿಸಿದರು. ಆರ್, ಎಚ್, ಐ, ಎನ್, ಓ.

"ಇದನ್ನೂ ಬರ್ದೀನಿ. ಆನೇಕಲ್ ಕಡೆ ಒಂದು ಸಣ್ಣ ಸಾಲಿ ಕಂಪೌಂಡಿಗೆ ಪ್ರಾಣಿಗಳ ಚಿತ್ರ ಬರಿಯೂದಿತ್ತು. ಘೇಂಡಾಮೃಗದ ಕೆಳಗ ಇಂಗ್ಲಿಷ್ ಹೆಸರು ಬರಿವಾಗ ಈ ಎಚ್ ಬಿಟ್ಟಿದ್ದೆ. ಅಲ್ಲಿ ಟೀಚರ್ ಪೂರ್ತಿ ಅಳಿಸಿ ಬರಸಿದ್ರು. ಓದುವಾಗ ಎಚ್‌ಗೆ ಸದ್ದಿಲ್ಲರಿ ಬಸಲಿಂಗ, ಆದ್ರ ಬಿಡಂಗಿಲ್ಲ, ರೈನೋ ಅಂದ್ರ ಮೂಗು, ಮೂಗಿನ ಮ್ಯಾಲ ಕೊಂಬು ಇರೂ ಪ್ರಾಣಿ ಅದು ಅಂತ ಹೇಳಿದ್ರು. ಬಿಸಲಾಗ ಅಳಿಸಿ ಬರ್ದದ್ದು ಅಲ್ಲಾ, ಮರ್ತಿಲ್ಲ."

'ಮೂಗು' ಎಂದು ಅವರು ಆ ಐದು ಅಕ್ಷರಗಳ ಕೆಳಗೆ ಬರೆದರು. ಸುಮಂಗಲಾ ಬಗ್ಗಿ ನೋಡಿದಳು. ಅಷ್ಟು ಹೊತ್ತು ಕಬ್ಬಿಣದ ಕಂಬಿಯ ಹಾಗೆ ಒಂದೇ ಉದ್ದಕ್ಕೆ ಬಿದ್ದಿದ್ದ ಪದ ಈಗ ಗೆಣ್ಣುಗೆಣ್ಣಾಗಿ ಕಾಣತೊಡಗಿತು. ಮೂಗಿನ ಎರಡೂ ಕಡೆ ಇನ್ನೆರಡು ತುಂಡು ಉಳಿದಿದ್ದವು. ಬಲಗಡೆಯದು ಎಲ್, ಎ, ಆರ್, ವೈ, ಎನ್, ಜಿ ಎಂದು ಶುರುವಾಗುತ್ತಿತ್ತು.

ಕಾಕಾ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಾವೇ ನಕ್ಕರು.

"ಇದು ನನಗ ಬಂದಿತ್ತು."

"ಏನ್ ಬಂದಿತ್ರಿ?"

"ರೋಗ. ಸ್ಪ್ರೇ ಪೇಂಟ್ ಹೊಡದು ಹೊಡದು ಧ್ವನಿ ಹೋತು. ಡಾಕ್ಟರ್ ಚೀಟಿ ಮ್ಯಾಲ ಬರ್ದು, ಹತ್ತು ದಿನ ಬಾಯಿ ಬಿಡಬ್ಯಾಡ ಅಂದ್ರು. ಯಾರರ ಯಾಕ ಮಾತಾಡವೊಲ್ಲಿ ಅಂದ್ರ ಆ ಚೀಟಿ ತೋರಸ್ತಿದ್ದೆ. ಔಷಧ ಅಂಗಡಿಯಂವ ಓದಿದಾ, ಲ್ಯಾರಿಂಜೈಟಿಸ್ ಅಂತ. ಗಂಟಲ ಬಾವು. ಹತ್ತು ದಿನ ಕಿಸೇದಾಗ ಇಟ್ಕೊಂಡು ತಿರಗಿದ ಚೀಟಿ, ಒಂದೊಂದು ಅಕ್ಷರಾನೂ ಕಣ್ಮುಂದೈತಿ. ಇವ ಆರು ಅಕ್ಷರ, ಇದ ಸಾಲು."

ಗಂಟಲು ಎಂದೂ ಬರೆದರು. ಮೂಗು, ಗಂಟಲು, ವಿದ್ಯೆ. ಮೊದಲ ಮೂರು ಅಕ್ಷರ ಮಾತ್ರ ಖಾಲಿ ಉಳಿಯಿತು. ಓ, ಟಿ, ಓ.

ಸುಮಂಗಲಾಗೆ ಆಗ ಹೊಳೆಯಿತು. ಮೂಗು, ಗಂಟಲಿನ ಜೊತೆ ಡಾಕ್ಟರುಗಳು ಇನ್ನೇನನ್ನು ಸೇರಿಸುತ್ತಾರೆ? "ಕಿವಿ ಇರಬೇಕು ಕಾಕಾ. ಕಿವಿ, ಮೂಗು, ಗಂಟಲು."

"ಇರಬಹುದು. ಆದ್ರ ಅಂದಾಜಿನ ಮ್ಯಾಲ ತಗಡು ಕತ್ತರಸಾಕ ಬರೂದಿಲ್ಲವ್ವ. ಎಲ್ಲೆರ ನೋಡಿದ್ದು ಬೇಕು."

ಎಲ್ಲಾದರೂ ನೋಡಿದ್ದು. ಅವಳು ಕಣ್ಣು ಮುಚ್ಚಿದಳು. ಸಿಕ್ಕ ಸಿಕ್ಕ ಡಬ್ಬಿ, ಪೊಟ್ಟಣ, ಗೋಡೆಗಳ ಮೇಲಿನ ಅಕ್ಷರವನ್ನೆಲ್ಲ ಓದುವ ಚಟ ಈ ಕೆಲಸಕ್ಕೆ ಬಂದ ಮೇಲೆ ಅವಳಿಗೆ ಅಂಟಿತ್ತು. ನಿನ್ನೆ ಸಂಜೆ ಮಗಳು ರಕ್ಷಿತಾಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಿವಿಗೆ ಔಷಧ ಹಾಕುವಾಗ ಆ ಪುಟ್ಟ ಡಬ್ಬಿಯ ಮೇಲೇನೋ ಓದಿದ ನೆನಪು. ಕಿವಿ ನೋವೆಂದು ಹುಡುಗಿ ಇವತ್ತು ಶಾಲೆಗೆ ಹೋಗದೆ ಮನೆ ಮಾಲೀಕರಾದ ವಸಂತಮ್ಮನವರ ಹತ್ತಿರ ಕೆಳಗಿನ ಮನೆಯಲ್ಲಿದ್ದಳು. ಸುಮಂಗಲಾ ಫೋನು ಮಾಡಿದಳು.

"ಕಿವಿ ಹ್ಯಾಂಗೈತಿ ಪುಟ್ಟಿ?"

"ಸ್ವಲ್ಪ ನೋವಿದೆ ಅಮ್ಮ. ವಸಂತಮ್ಮ ಅಜ್ಜಿ ಮೊಸರನ್ನ ಕೊಟ್ರು."

"ನಿನ್ನ ಔಷಧದ ಡಬ್ಬಿ ತಗೋ. ಅದರ ಮ್ಯಾಲೆ ಔಷಧದ ಹೆಸರಾದ ಮ್ಯಾಲೆ ಏನ್ ಬರ್ದೈತಿ, ಒಂದೊಂದ ಅಕ್ಷರ ಹೇಳು."

ಆ ಕಡೆ ಡಬ್ಬಿ ಉರುಳುವ ಸದ್ದು, ಆಮೇಲೆ ಮಗುವಿನ ನಿಧಾನದ ದನಿ. "ಓ... ಟಿ... ಐ... ಸಿ. ಆಮೇಲೆ ಸಲ್ಯೂಷನ್ ಅಂತಿದೆ. ಕೆಳಗಡೆ ಕಿವಿ ಚಿತ್ರ ಇದೆ. ಯಾಕಮ್ಮ?"

"ಮನಿಗೆ ಬಂದು ಹೇಳ್ತೀನಿ."

ಫೋನಿಟ್ಟು ಅವಳು ಕಾಕಾನ ಕಡೆ ತಿರುಗಿ ತನ್ನ ಕಿವಿ ಮುಟ್ಟಿ ತೋರಿಸಿದಳು. ಕಾಕಾ ಮಾರ್ಕರನ್ನು ಅವಳ ಕೈಗೆ ಕೊಟ್ಟರು. ಮೊದಲ ಮೂರು ಅಕ್ಷರದ ಕೆಳಗೆ 'ಕಿವಿ' ಎಂದು ಬರೆದವಳು ಅವಳೇ.

ಇಷ್ಟು ಭಯ ಹುಟ್ಟಿಸಿದ ಪದದ ಒಳಗೆ ಇದ್ದದ್ದು ದಿನಾ ಬೆಳಗ್ಗೆ ತೊಳೆದುಕೊಳ್ಳುವ ಮುಖದ ಸಾಮಾನು. ಯಾವುದೋ ಕಾಲದ, ಯಾವುದೋ ದೇಶದ ಜನ ತಮ್ಮ ಕಿವಿಗೆ, ಮೂಗಿಗೆ, ಗಂಟಲಿಗೆ ಇಟ್ಟುಕೊಂಡ ಮನೆಮಾತಿನ ಹೆಸರುಗಳು ಅವು. ಅದಕ್ಕಿಂತ ಹೆಚ್ಚಾಗಿ ಸುಮಂಗಲಾಗೆ ಆಶ್ಚರ್ಯವೆನಿಸಿದ್ದು ಪಕ್ಕದಲ್ಲಿ ಆರಿದ ರೊಟ್ಟಿಯನ್ನು ಈಗ ಮುರಿಯುತ್ತ ಕೂತಿದ್ದ ಮನುಷ್ಯ. ಧಾರವಾಡದ ಬಾಗಿಲೊಂದು, ಆನೇಕಲ್ಲಿನ ಗೋಡೆಯೊಂದು, ಕಿಸೆಯ ಚೀಟಿಯೊಂದು. ಮೂವತ್ತು ವರ್ಷ ಬೇರೆಯವರ ಹೆಸರು ಬರೆಯುತ್ತ ಹೋದವರು, ಬರೆದ ಒಂದು ಪದವನ್ನೂ ಅಲ್ಲೇ ಬಿಟ್ಟು ಬಂದಿರಲಿಲ್ಲ.

ನಂದೀಶ ಬಂದು ತಗಡು ನೋಡಿದ. ಎರಡು ಸಲ ನೋಡಿದ. ಆಮೇಲೆ ಮೊಬೈಲು ತೆಗೆದು, "ಇರಿ, ಇದೇ ಹೇಳುತ್ತೆ," ಎಂದು ಆ ಪದ ಹಾಕಿ ದನಿಯ ಬಟನ್ ಒತ್ತಿದ. ಯಾರೋ ಹೆಂಗಸಿನ ದನಿ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿತು. ಕಾಕಾ ಇನ್ನೊಮ್ಮೆ ಹಾಕಿಸಿದರು. ಮತ್ತೊಮ್ಮೆ ಹಾಕಿಸಿದರು.

"ಓಡೋ ಅಂತೈತ್ರಿ ಇದು. ಓಡೋರೈನೋ."

"ಹಾಗಾದ್ರೆ ಓಡೋ ಅಂತ್ಲೇ ಹಾಕೋಣ."

"ಬ್ಯಾಡ್ರಿ ಸಾರ್," ಅಂದಳು ಸುಮಂಗಲಾ. "ಅದು ಅಮೆರಿಕದವ್ರ ನಾಲಿಗಿ. ವಾಟರ್‌ಗೂ ವಾಡರ್ ಅಂತಾರಲ್ರಿ, ಹಂಗ. ಡಬ್ಬಿ ಮ್ಯಾಲೆ ಟಿ ಐತಿ, ಇದರಾಗೂ ಟಿ ಐತಿ. ಟೋ ಅನ್ನೂದ ಖರೆ. ಆದ್ರ ಗಂಟಲ ಹತ್ರ ಕೇಳ್ರಿ. ಜ ಅಲ್ಲ, ಗ ಅಂತೈತಿ. ಲ್ಯಾರಿಂಗಾಲಜಿ."

ಕಾಕಾ ತಲೆ ಎತ್ತಿ ಅವಳನ್ನು ನೋಡಿದರು. ಅವರ ಕಣ್ಣಿನಲ್ಲಿ ಮೆಚ್ಚುಗೆ ಇತ್ತು. "ನನ್ನ ಚೀಟಿ ಜ ಅಂತಿತ್ತು," ಅಂದರು ನಿಧಾನಕ್ಕೆ. "ರೋಗಕ್ಕ ಜ, ವಿದ್ಯಾಕ್ಕ ಗ ಇರಬೇಕು. ಇದನ್ನ ಮಾತ್ರ ಆ ಡಾಕ್ಟರ್‌ನ ಕೇಳೂಣು."

ನಂದೀಶ ಮೊಬೈಲು ಕಿಸೆಗಿಟ್ಟ. ಆಟೋ ಸ್ಟ್ಯಾಂಡಿನ ತಮಾಷೆ ನೆನಪಾಗಿರಬೇಕು, ಕತ್ತು ಕೆರೆದುಕೊಂಡ. "ಆ ಒಂದು ಶೀಟು ನಾಳೆಗಿಟ್ಕೊಳ್ಳಿ. ಬೆಳಗ್ಗೆ ಇಬ್ರೂ ಹೋಗಿ ಡಾಕ್ಟರ ಹತ್ರ ಬರೆಸ್ಕೊಂಡು ಬನ್ನಿ. ಮಧ್ಯಾಹ್ನ ಕಟ್ ಮಾಡಿ ಕೊಡ್ತೀನಿ," ಅಂದ.

ಬುಧವಾರ ಬೆಳಗ್ಗೆ ಇಬ್ಬರೂ ಪೀಣ್ಯದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ವೈಟ್‌ಫೀಲ್ಡಿಗೆ ಹೊರಟರು. ಸುಮಂಗಲಾ ಅಲ್ಲಿಯವರೆಗೆ ಬೋರ್ಡು ಕೂರಿಸುವ ಯಾವ ಜಾಗಕ್ಕೂ ಹೋದವಳಲ್ಲ. ಅವಳು ಎಳೆದ ಗೆರೆಗಳು ಊರೆಲ್ಲ ಗೋಡೆ ಹತ್ತಿದ್ದರೂ ಅವಳು ಶೆಡ್ಡಿನೊಳಗೇ ಇದ್ದವಳು. ಕಾಕಾ ದಾರಿಯುದ್ದಕ್ಕೂ ತುಟಿ ಆಡಿಸುತ್ತಿದ್ದರು. ಓಟೋ. ರೈನೋ. ಲ್ಯಾರಿಂಗಾ. ಲಜಿ. ಇಂದಿರಾನಗರ ಬರುವ ಹೊತ್ತಿಗೆ ನಾಲ್ಕು ತುಂಡು ಎರಡಾಗಿದ್ದವು. ಗರುಡಾಚಾರ್‌ಪಾಳ್ಯ ದಾಟಿದ ಮೇಲೆ ಒಂದಾಯಿತು. ಎದುರು ಸೀಟಿನಲ್ಲಿ ಕಂಪನಿಯ ಐಡಿ ಕಾರ್ಡು ಹಾಕಿಕೊಂಡಿದ್ದ ಹುಡುಗಿ ಕಿವಿಯಿಂದ ಇಯರ್‌ಫೋನು ತೆಗೆದು, ಇವರು ಏನು ಮಂತ್ರ ಹೇಳುತ್ತಿದ್ದಾರೆಂದು ಕೇಳಿಸಿಕೊಂಡಳು.

ಆಸ್ಪತ್ರೆಯೊಳಗೆ ಇನ್ನೂ ಸಿಮೆಂಟಿನ ವಾಸನೆ. ಎರಡನೇ ಮಹಡಿಯಲ್ಲಿ ಡಾಕ್ಟರ್ ಮಾಲಾ ಎನ್ನುವವರು ತಮ್ಮ ವಿಭಾಗಕ್ಕೆ ಬಂದ ಕುರ್ಚಿಗಳನ್ನು ಎಲ್ಲಿಡಬೇಕೆಂದು ಹೇಳುತ್ತ ನಿಂತಿದ್ದರು. ಐವತ್ತರ ಆಸುಪಾಸು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಬೋರ್ಡಿನವರು ಎಂದ ಕೂಡಲೇ, "ಬೋರ್ಡ್ ವಿಷ್ಯ ಆಫೀಸಲ್ಲಿ ಕೇಳಿ," ಅಂದರು.

"ಆಫೀಸಿನವ್ರೇ ನಿಮ್ಮ ಹತ್ರ ಬರೆಸ್ಕೊಂಡ್ ಬರ್ರಿ ಅಂದಾರ್ರಿ ಮೇಡಂ," ಎಂದು ಸುಮಂಗಲಾ ಪಟ್ಟಿಯ ಹಾಳೆ ಬಿಚ್ಚಿ ಅವರ ಮುಂದೆ ಹಿಡಿದಳು.

ಡಾಕ್ಟರು ಕನ್ನಡಕ ಏರಿಸಿಕೊಂಡು ಓದಿದರು. 'ಆಟೋರಿನೋ...' ಅನ್ನುವಲ್ಲಿಗೆ ನಿಂತು, "ಅಯ್ಯೋ, ಇದೇನಿದು," ಅಂದರು.

"ಮೇಡಂ, ಇದನ್ನ ಸರಿಯಾಗಿ ಒಂದ್ಸಲ ಹೇಳಿಕೊಡ್ರಿ. ಕನ್ನಡದಾಗ ಹ್ಯಾಂಗ ಬರೀಬೇಕು ಅನ್ನೂದು ನೀವು ಹೇಳೂದ್ರ ಮ್ಯಾಲೈತಿ," ಅಂದರು ಕಾಕಾ.

ಡಾಕ್ಟರು ಬಾಯಿ ತೆರೆದರು. "ಓಟೋ... ಲ್ಯಾರಿಂಗೋ... ಅಲ್ಲ, ಇರಿ. ಓಟೋರೈ..." ಎಂದು ತಡವರಿಸಿ, ತಾವೇ ನಕ್ಕುಬಿಟ್ಟರು. "ನೋಡಿ, ಇಪ್ಪತ್ತೈದು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ. ಬಾಯಲ್ಲಿ ಬರೋದು ಇಎನ್‌ಟಿ ಮಾತ್ರ. ಪೂರ್ತಿ ಪದ ಹೇಳಿ ಎಷ್ಟು ವರ್ಷ ಆಯ್ತೋ. ನೀವು ಹೇಗೆ ಅಂದ್ಕೊಂಡಿದ್ದೀರಿ, ಹೇಳಿ ನೋಡೋಣ."

ಕಾಕಾ ಚಪ್ಪಲಿ ಸರಿಮಾಡಿಕೊಂಡು ನೆಟ್ಟಗೆ ನಿಂತರು. ಕುರ್ಚಿ ಹೊತ್ತು ತಂದಿದ್ದ ಇಬ್ಬರೂ ಕುರ್ಚಿ ಇಳಿಸಿ ಇವರ ಕಡೆ ನೋಡಿದರು.

"ಓಟೋರೈನೋಲ್ಯಾರಿಂಗಾಲಜಿ."

ಒಂದು ಕಡೆಯೂ ತಡೆಯಲಿಲ್ಲ. ಖಾಲಿ ಕಾರಿಡಾರಿನಲ್ಲಿ ಆ ಪದ ಹಾಡಿನ ಸಾಲಿನ ಹಾಗೆ ಇಳಿದು ಬಂತು. ಡಾಕ್ಟರು ಅವರ ಹಿಂದೆಯೇ ಅದನ್ನು ನಿಧಾನಕ್ಕೆ ಹೇಳಿದರು, ಶಾಲೆಯಲ್ಲಿ ಮಕ್ಕಳು ಹೇಳುವ ಹಾಗೆ. ಎರಡನೇ ಸಲ ಅವರಿಗೂ ಪೂರ್ತಿ ಬಂತು.

"ಲ್ಯಾರಿಂಗಾ ಅನ್ನೂದು ಗ ಹೌದಲ್ರಿ? ರೋಗಕ್ಕ ಜ ಅಂತಾರ."

"ಗ ಸರಿ. ರೋಗಕ್ಕೆ ಜ, ಅದೂ ಸರಿ." ಡಾಕ್ಟರು ಕನ್ನಡಕ ತೆಗೆದು ಕಾಕಾನನ್ನು ನೋಡಿದರು. "ಇದನ್ನ ನಿಮಗೆ ಯಾರು ಹೇಳಿಕೊಟ್ರು?"

ಕಾಕಾ ಸಂಕೋಚದಿಂದ ಸುಮಂಗಲಾಳ ಕಡೆ ನೋಡಿದರು. ಸುಮಂಗಲಾ ತನ್ನ ಚೀಲದಿಂದ ತಗಡಿನ ತುಂಡು ತೆಗೆದು ಕೊಟ್ಟಳು. ಕಾಲೇಜಿನ ಬಾಗಿಲು, ಘೇಂಡಾಮೃಗದ ಗೋಡೆ, ಹತ್ತು ದಿನದ ಚೀಟಿ, ಎಲ್ಲವನ್ನೂ ಅವಳೇ ಹೇಳಿದಳು. ಅಪರಿಚಿತರ ಮುಂದೆ ಅಷ್ಟು ಹೊತ್ತು ಒಂದೇ ಸಮನೆ ಮಾತಾಡಿದ್ದು ಅವಳಿಗೂ ಹೊಸದು. ಡ ಅಂದದ್ದನ್ನು ಟ ಎಂದು ತೀರ್ಮಾನಿಸಿದ್ದು, ಗ ಹಿಡಿದದ್ದು ಅವಳೆಂದು ನಡುವೆ ಕಾಕಾ ಸೇರಿಸಿದರು.

ಡಾಕ್ಟರು ತಗಡನ್ನು ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದರು. "ಮೊದಲ ವರ್ಷ ನಮಗೆ ಈ ಪದಗಳನ್ನೆಲ್ಲ ಬಾಯಿಪಾಠ ಮಾಡಿಸ್ತಿದ್ರು. ಹೀಗೆ ಬಿಡಿಸಿ ಹೇಳಿಕೊಟ್ಟಿದ್ರೆ ಎಷ್ಟು ಸುಲಭ ಆಗ್ತಿತ್ತು," ಅಂದರು. ಆಮೇಲೆ ಯೋಚಿಸಿ, "ಬೋರ್ಡಲ್ಲಿ ಸುಮ್ನೆ 'ಕಿವಿ, ಮೂಗು, ಗಂಟಲು ವಿಭಾಗ' ಅಂತ ಹಾಕಿಬಿಡೋಣ. ಬರೋರಿಗೆ ಅದೇ ಬೇಕಾಗಿರೋದು."

ಸುಮಂಗಲಾಗೂ ಅದೇ ಸರಿ ಅನ್ನಿಸಿತು. ಆದರೆ ಕಾಕಾನ ಮುಖ ಸ್ವಲ್ಪ ಇಳಿಯಿತು. ಹೇಳಲೋ ಬೇಡವೋ ಎನ್ನುತ್ತ ಹೇಳಿದರು. "ಅದು ದೊಡ್ಡದಾಗಿ ಮ್ಯಾಲ ಇರಲಿ ಮೇಡಂ. ಅದರ ಕೆಳಗ ಆ ಪದಾನೂ ಇರಲಿ. ತೆಗೀಬ್ಯಾಡ್ರಿ. ಕುರ್ಚಿ ಮ್ಯಾಲ ಕುಂತವ್ರು ತಮ್ಮ ಪಾಳಿ ಬರೂತನಕ ಏನ್ ಮಾಡ್ತಾರ? ಮ್ಯಾಲೊಮ್ಮೆ ಕೆಳಗೊಮ್ಮೆ ನೋಡಿ ತಾವ ಕೂಡಿಸ್ಕೋತಾರ. ಸಾಲೀ ಮಕ್ಕಳು ಬಂದ್ರಂತೂ ಬಿಡೂದಿಲ್ಲ."

ಡಾಕ್ಟರು ಪೆನ್ನು ತೆಗೆದು ಹಳೆಯ ಹೆಸರನ್ನು ಹೊಡೆದುಹಾಕಿ, ಸುಮಂಗಲಾ ಹೇಳಿದ ಹಾಗೆ ಎರಡೂ ಸಾಲು ಬರೆದು, ಕೆಳಗೆ ಸಹಿ ಮಾಡಿದರು. ಸಹಿ ಮಾಡಿದ ಮೇಲೆ ಆ ತಗಡಿನ ತುಂಡು ತಮಗೆ ಬೇಕೆಂದು ಕೇಳಿದರು. ಕಾಕಾ, "ತಗೋರಿ, ಅದು ಉಳಿಕಿ ತಗಡು," ಅಂದರು. ಡಾಕ್ಟರು ಅದನ್ನು ತಮ್ಮ ಕೋಣೆಯ ಮೇಜಿನ ಮೇಲೆ ಗೋಡೆಗೆ ಆನಿಸಿ ಇಟ್ಟರು.

ಮಧ್ಯಾಹ್ನ ಶೆಡ್ಡಿಗೆ ಮರಳಿದ ಮೇಲೆ ಸುಮಂಗಲಾ ಗೆರೆ ಎಳೆದಳು. ಓ, ಟೋ, ರೈ, ನೋ, ಲ್ಯಾ, ರಿಂ, ಗಾ, ಲ, ಜಿ. ಇಂಗ್ಲಿಷಿನ ಹತ್ತೊಂಬತ್ತು ಕನ್ನಡಕ್ಕೆ ಬಂದಾಗ ಒಂಬತ್ತಾಯಿತು. ಲ್ಯಾ ಅಕ್ಷರದ ಒತ್ತು ಕೆಳಗಿನ ಸಾಲಿಗೆ ತಾಗದಂತೆ ಅದನ್ನು ಮೂರು ಸಲ ತಿದ್ದಿದಳು. ನಂದೀಶ ಮಿಷನ್ನಿನ ಪಕ್ಕ ನಿಂತು ಒಂದೊಂದು ಅಕ್ಷರ ಹೊರಬರುವುದನ್ನು ನೋಡಿದ. ಕೊನೆಯದು ಬಂದಾಗ ಒಂಬತ್ತನ್ನೂ ನೆಲದ ಮೇಲೆ ಸಾಲಾಗಿಟ್ಟು, ಬೆರಳಿಟ್ಟುಕೊಂಡು ಜೋರಾಗಿ ಓದಿದ. ಪಾಲಿಶ್ ಮಾಡುವ ಮಲ್ಲಿಕ್‌ನಿಗೂ ಓದಿಸಿದ. "ಇನ್ಮೇಲೆ ಕನ್ನಡದ ಪಟ್ಟಿ ಯಾರೇ ಕಳ್ಸಲಿ, ನೀವು ಓದಿ ಸೈನ್ ಹಾಕದೆ ಮಿಷನ್ ಆನ್ ಆಗಲ್ಲ ಅಕ್ಕ," ಎಂದು ಸುಮಂಗಲಾಗೆ ಹೇಳಿದ. ಹೇಳಿದ್ದಷ್ಟೇ ಅಲ್ಲ, ಸಂಜೆಯೊಳಗೆ ಅದಕ್ಕೆಂದೇ ಒಂದು ರಬ್ಬರ್ ಸ್ಟಾಂಪು ಮಾಡಲು ಕೊಟ್ಟು ಬಂದ.

ಗುರುವಾರ ಬೋರ್ಡು ಗೋಡೆ ಹತ್ತಿತು. ಈ ಸಲ ಸುಮಂಗಲಾ ತಾನೇ ಬರುತ್ತೇನೆಂದು ಕೇಳಿ ಹೋಗಿದ್ದಳು. ಕಾಕಾ ಏಣಿ ಏರಿ ಒಂದೊಂದು ಅಕ್ಷರ ಇಟ್ಟು ಕಣ್ಣು ಕಿರಿದು ಮಾಡಿದರು. ಅವಳು ದೂರ ನಿಂತು, ಎಡಕ್ಕೆ, ಇನ್ನಷ್ಟು, ಸಾಕು ಎಂದಳು. ನಾಲ್ಕನೇ ಅಕ್ಷರದ ಹೊತ್ತಿಗೆ ಇಬ್ಬರ ಕಣ್ಣೂ ಒಂದೇ ಅಳತೆ ಹೇಳತೊಡಗಿತ್ತು, ಮಾತಿನ ಅಗತ್ಯ ಬೀಳಲಿಲ್ಲ.

ಕೆಲಸ ಮುಗಿಸಿ ಮೆಟ್ರೋದಲ್ಲಿ ಕೂತಾಗ ಸಂಜೆ ಐದು. ಕಾಕಾ, "ಉಳಿದ ಪಟ್ಟಿಯಾಗ ಇನ್ನ ಬಿಡಸೂವಂಥ ಪದ ಯಾವ್ಯಾವ ಅದಾವ, ತೆಗಿ ನೋಡೂಣು," ಅಂದರು. ಸುಮಂಗಲಾ ಮೊಬೈಲಿನಲ್ಲಿ ಪಟ್ಟಿ ತೆಗೆದಳು. ಗ್ಯಾಸ್ಟ್ರೋಎಂಟರಾಲಜಿ ಎಂದು ಒಂದಿತ್ತು. ಗ್ಯಾಸ್ಟ್ರೋ ಎಂದರೆ ಹೊಟ್ಟೆ ಇರಬೇಕು, ಗ್ಯಾಸಿನ ಗುಳಿಗೆಯ ಡಬ್ಬಿ ನೋಡಿದ್ದೇನೆ ಎಂದಳು ಅವಳು. ಗ್ಯಾಸೇ ಬೇರೆ, ಗ್ಯಾಸ್ಟ್ರೋ ಬೇರೆ ಇರಬಹುದು, ಹಾಗೆ ನಂಬಬೇಡ ಎಂದರು ಅವರು. ನಡುವಿನ 'ಎಂಟರ್' ಎಂದರೆ ಒಳಗೆ ಬಾ ಎಂದೇ ಅಥವಾ ಬೇರೆಯೇ ಎಂದು ವಾದ ಬೆಳೆಯಿತು. ಪಕ್ಕದಲ್ಲಿ ನಿಂತಿದ್ದ ಒಬ್ಬರು ತಾವೂ ತಲೆ ಹಾಕಿ, ಕರುಳು ಇರಬೇಕು ಎಂದರು. ನೀವು ಎಲ್ಲಿ ನೋಡಿದ್ದೀರಿ ಎಂದು ಕಾಕಾ ಅವರನ್ನು ವಿಚಾರಿಸತೊಡಗಿದರು.

ಇ ಆದ ಮೇಲೆ ಎಷ್ಟು ಅಕ್ಷರ ಎಂದು ಸುಮಂಗಲಾ ಎಣಿಸುತ್ತಿರುವಾಗ ಬಾಗಿಲು ತೆರೆಯಿತು, ಮುಚ್ಚಿತು. ತಲೆ ಎತ್ತಿ ನೋಡಿದರೆ ರೈಲು ಬದಲಾಯಿಸಬೇಕಿದ್ದ ಮೆಜೆಸ್ಟಿಕ್ ಹಿಂದೆ ಸರಿದುಹೋಗಿತ್ತು. ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಆ ಕಡೆಯ ಪ್ಲಾಟ್‌ಫಾರ್ಮಿಗೆ ಹೋಗಿ, ಮರಳಿ ಬರುವ ರೈಲಿಗೆ ಕಾಯುತ್ತ ನಿಂತರು. ಪಟ್ಟಿ ಇನ್ನೂ ಅವಳ ಕೈಯಲ್ಲಿ ತೆರೆದೇ ಇತ್ತು.